ಶಿಖರವೇರಿದ ಮೇಲೆ ಮೊದಲ ಪಾಠಕ್ಕೆ ಮರಳಿದ ತೇನ್‌ಸಿಂಗ್

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಸಾಗಿ ಹಂಗಳದ ಬಳಿ ಹೊರಳಿಕೊಂಡರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಎದುರಾಗುತ್ತದೆ. ಸಮುದ್ರಮಟ್ಟದಿಂದ 1454 ಮೀಟರ್ ಎತ್ತರದ ಈ ಬೆಟ್ಟಕ್ಕೆ ತಪ್ಪಲಿನಿಂದ ಬಸ್ಸಿದೆ. ಚಾಮರಾಜನಗರ ಜಿಲ್ಲೆಯಲ್ಲಿ ಬೆಟ್ಟಗಳಿಗೆ ಬರವಿಲ್ಲ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ಅದರಾಚೆ ಮಲೆ ಮಹದೇಶ್ವರ ಬೆಟ್ಟ. ಇಲ್ಲಿನವರ ಪಾಲಿಗೆ ಬೆಟ್ಟ ಹತ್ತುವುದೆಂದರೆ ದೇವರ ದರ್ಶನ ಮಾಡುವುದು. ಹರಕೆ ಹೊತ್ತ ಭಕ್ತರು ಮಾದಪ್ಪನ ಸನ್ನಿಧಿಗೆ ಬರಿಗಾಲಿನಲ್ಲಿ ನಡೆದು ಹೋಗುತ್ತಾರೆ. ದೇವರನ್ನು ಕಂಡು, ಪ್ರಸಾದ ಪಡೆದು ಇಳಿದು ಬರುತ್ತಾರೆ. ಶಿಖರದ ತುದಿಯಲ್ಲಿ ನಿಲ್ಲಬೇಕೆಂಬ ಹಂಬಲ ಅವರಲ್ಲಿಲ್ಲ.

ದಾರಿಯೇ ಇಲ್ಲದ ಕಡೆ ಹತ್ತುವ ವಿದ್ಯೆಯೂ ಈ ಸೀಮೆಗೆ ಹೊಸದಲ್ಲ. ಬಿಳಿಗಿರಿಯ ಕಾಡಿನ ಸೋಲಿಗರು ಮುಗಿಲೆತ್ತರದ ಮರಗಳಿಂದಲೂ ಕಡಿದಾದ ಬಂಡೆಗಳಿಂದಲೂ ಹೆಜ್ಜೇನು ಇಳಿಸುವುದರಲ್ಲಿ ನಿಪುಣರು. ಯಾವ ಆಸರೆ ಭಾರ ತಡೆಯುತ್ತದೆ, ಎಲ್ಲಿ ಪಾದ ಊರಬಹುದು, ಯಾವಾಗ ಹಿಂದೆ ಸರಿಯಬೇಕು ಎಂಬುದನ್ನು ಅವರು ಹಿರಿಯರನ್ನು ನೋಡಿ ಕಲಿತರು. ಆ ವಿದ್ಯೆಗೆ ಪಠ್ಯಪುಸ್ತಕವಿಲ್ಲ, ಪ್ರಮಾಣಪತ್ರವೂ ಇಲ್ಲ.

ಇಂಥದೇ ಒಂದು ವಿದ್ಯೆ ಹೊತ್ತು ಬೆಳೆದ ಹಿಮಾಲಯದ ಬಡ ಹುಡುಗನೊಬ್ಬ ಮುಂದೆ ಜಗತ್ತಿನ ಅತ್ಯುನ್ನತ ಶಿಖರದ ಮೇಲೆ ನಿಂತ. ತೇನ್‌ಸಿಂಗ್ ನೋರ್ಗೆ ಎವರೆಸ್ಟ್ ಏರಿದ ಕಥೆ ಶಾಲೆಗೆ ಹೋದ ಪ್ರತಿಯೊಬ್ಬ ಕನ್ನಡಿಗನಿಗೂ ಗೊತ್ತು. ಆದರೆ ಶಿಖರವೇರಿದ ಮರುವರ್ಷವೇ ಅವರು ವಿದ್ಯಾರ್ಥಿಯಾಗಿ ತರಬೇತಿ ಶಾಲೆಯೊಂದಕ್ಕೆ ಸೇರಿದ್ದು, ಅನಂತರ 22 ವರ್ಷ ಹಗ್ಗಕ್ಕೆ ಗಂಟು ಹಾಕುವ ಮೊದಲ ಪಾಠವನ್ನು ಹೊಸಬರಿಗೆ ಕಲಿಸುತ್ತ ಕಳೆದದ್ದು ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಅವರ ಬದುಕಿನ ದೀರ್ಘ ಭಾಗ ಅದೇ.

ಯಾಕ್ ಕಾಯುವವರ ಮಗ

ತೇನ್‌ಸಿಂಗ್ ಹುಟ್ಟಿದ್ದು 1914ರಲ್ಲಿ. ಹುಟ್ಟಿದ ದಿನಾಂಕ ಯಾರೂ ಬರೆದಿಟ್ಟಿರಲಿಲ್ಲ. ಮೇ ತಿಂಗಳ ಕೊನೆಯ ದಿನಗಳೆಂದು ಹೆತ್ತವರು ಹೇಳಿದ್ದರಿಂದ, ಮುಂದೆ ಎವರೆಸ್ಟ್ ಏರಿದ ಮೇ 29ನ್ನೇ ಅವರು ತಮ್ಮ ಜನ್ಮದಿನವಾಗಿ ಆಚರಿಸಿಕೊಂಡರು. ಹುಟ್ಟಿದ ಊರಿನ ಬಗೆಗೂ ಎರಡು ಹೇಳಿಕೆಗಳಿವೆ. ನೇಪಾಳದ ಖುಂಬು ಪ್ರದೇಶವೆಂದು ಬಹುಕಾಲ ನಂಬಲಾಗಿತ್ತು. ಎವರೆಸ್ಟಿನ ಪೂರ್ವಕ್ಕಿರುವ ಟಿಬೆಟ್ಟಿನ ಖಾರ್ತಾ ಕಣಿವೆಯೆಂದು ಅವರ ಕುಟುಂಬದವರು ನಂತರ ತಿಳಿಸಿದರು. ತಂದೆ ತಾಯಿ ಯಾಕ್ ಸಾಕಿ ಬದುಕುತ್ತಿದ್ದವರು. 13 ಮಕ್ಕಳಲ್ಲಿ ಇವರು 11ನೆಯವರು. ಮೊದಲಿಟ್ಟ ಹೆಸರು ನಾಮ್‌ಗ್ಯಾಲ್ ವಾಂಗ್‌ಡಿ. ರೊಂಗ್‌ಬುಕ್ ಮಠದ ಹಿರಿಯ ಲಾಮಾ ಅದನ್ನು ಬದಲಿಸಿ, ಅದೃಷ್ಟವಂತನಾದ ಧರ್ಮಾನುಯಾಯಿ ಎಂಬರ್ಥದ ತೇನ್‌ಸಿಂಗ್ ನೋರ್ಗೆ ಎಂಬ ಹೆಸರಿಟ್ಟರೆಂಬುದು ಪ್ರತೀತಿ.

ಶೆರ್ಪಾಗಳು ಹಿಮಶಿಖರಗಳ ನೆರಳಿನಲ್ಲೇ ಬದುಕಿದರೂ ಅವುಗಳ ತುದಿಗೆ ಹೋದವರಲ್ಲ. ಶಿಖರಗಳು ದೇವತೆಗಳ ನೆಲೆ. ಎವರೆಸ್ಟನ್ನು ಅವರು ಚೊಮೊಲುಂಗ್ಮಾ ಎಂದು ಕರೆದು ಪೂಜಿಸುತ್ತಿದ್ದರು. ಕಣಿವೆಯಿಂದ ಕಣಿವೆಗೆ ಸಾಗುವ ಕಷ್ಟದ ಹಾದಿಗಳು, ಹಿಮದ ಗುಣ, ಗಾಳಿಯ ತಿರುವು ಇವೆಲ್ಲ ಅವರಿಗೆ ಗೊತ್ತಿತ್ತು. ಬ್ರಿಟಿಷರು 1921ರಲ್ಲಿ ಎವರೆಸ್ಟ್ ಯಾತ್ರೆಗಳನ್ನು ಆರಂಭಿಸಿದಾಗ ಈ ಬಲ್ಲಿದರಿಗೆ ಸಿಕ್ಕ ಸ್ಥಾನ ಹೊರೆಯಾಳಿನದು.

ಬಾಲಕ ತೇನ್‌ಸಿಂಗ್ ಹದಿಮೂರರ ವಯಸ್ಸಿನಲ್ಲಿ ಮನೆಬಿಟ್ಟು ಕಠ್ಮಂಡುವಿಗೆ ಓಡಿಹೋಗಿ ಮರಳಿದ. 1932ರ ಸುಮಾರಿಗೆ ಡಾರ್ಜಿಲಿಂಗ್ ಸೇರಿದ. ಯಾತ್ರೆಗಳಿಗೆ ಆಳುಗಳನ್ನು ಆರಿಸುತ್ತಿದ್ದುದು ಅಲ್ಲೇ. 1933ರ ಎವರೆಸ್ಟ್ ಯಾತ್ರೆಗೆ ಅರ್ಜಿ ಹಿಡಿದು ನಿಂತಾಗ ಅನುಭವವಿಲ್ಲವೆಂದು ಅವರನ್ನು ಕೈಬಿಡಲಾಯಿತು. 1935ರಲ್ಲಿ ಎರಿಕ್ ಶಿಪ್ಟನ್ ನೇತೃತ್ವದ ತಂಡಕ್ಕೆ ಕೊನೆಯ ಗಳಿಗೆಯಲ್ಲಿ ಇಬ್ಬರು ಬೇಕಾದರು. ಪ್ರಮಾಣಪತ್ರವೇನೂ ಕೈಯಲ್ಲಿರದ ಈ ತರುಣನ ನಗುಮುಖ ಶಿಪ್ಟನ್ನರ ಗಮನ ಸೆಳೆಯಿತು. ಹೀಗೆ ಎವರೆಸ್ಟಿನ ಬಾಗಿಲು ತೆರೆಯಿತು.

ನೋಡಿ ಕಲಿತ ವಿದ್ಯೆ

ಆ ಕಾಲದಲ್ಲಿ ಹೊರೆಯಾಳಿಗೆ ಪರ್ವತಾರೋಹಣ ಕಲಿಸುವ ಶಾಲೆ ಭಾರತದಲ್ಲಿರಲಿಲ್ಲ. ಸಾಹೇಬರು ಹಗ್ಗ ಕಟ್ಟುವುದನ್ನು ನೋಡಿ ಹಗ್ಗ ಕಟ್ಟುವುದು, ಅವರು ಮಂಜುಗಡ್ಡೆಯಲ್ಲಿ ಮೆಟ್ಟಿಲು ಕಡಿದಾಗ ಅದರ ಮೇಲೆ ಹೊರೆ ಹೊತ್ತು ಹತ್ತುವುದು, ಬಿದ್ದವನನ್ನು ಕಂಡು ಬೀಳದಂತೆ ನಡೆಯುವುದು, ಇದೇ ಶಿಕ್ಷಣ. ತಪ್ಪಿಗೆ ತೆರಬೇಕಾಗಿದ್ದ ಬೆಲೆ ಪ್ರಾಣ. 1922ರ ಎವರೆಸ್ಟ್ ಯಾತ್ರೆಯಲ್ಲಿ ಒಂದೇ ಹಿಮಪಾತಕ್ಕೆ ಸಿಕ್ಕಿ ಸತ್ತ ಏಳು ಮಂದಿಯೂ ಹೊರೆಯಾಳುಗಳೇ ಆಗಿದ್ದರು.

ತೇನ್‌ಸಿಂಗ್ 1936 ಮತ್ತು 1938ರಲ್ಲಿ ಮತ್ತೆ ಎವರೆಸ್ಟಿಗೆ ಹೋದರು. 1938ರಲ್ಲಿ ಸುಮಾರು 27,000 ಅಡಿ ಎತ್ತರದ ಶಿಬಿರಕ್ಕೆ ಹೊರೆ ಸಾಗಿಸಿದ್ದಕ್ಕೆ ಹಿಮಾಲಯನ್ ಕ್ಲಬ್ಬಿನ ಟೈಗರ್ ಪದಕ ದೊರೆಯಿತು. ಎರಡನೆಯ ಮಹಾಯುದ್ಧ ಬಂದು ಯಾತ್ರೆಗಳು ನಿಂತವು. ಆ ವರ್ಷಗಳನ್ನು ಅವರು ಈಗಿನ ಪಾಕಿಸ್ತಾನದ ಚಿತ್ರಾಲಿನಲ್ಲಿ ಸೇನಾಧಿಕಾರಿಯೊಬ್ಬರ ಬಳಿ ಚಾಕರಿ ಮಾಡಿ ಕಳೆದರು. ಪತ್ನಿ ದಾವಾ ಫುಟಿ 1944ರಲ್ಲಿ ಅಲ್ಲೇ ತೀರಿಕೊಂಡರು. ಇಬ್ಬರು ಪುಟ್ಟ ಹೆಣ್ಣುಮಕ್ಕಳೊಡನೆ ಡಾರ್ಜಿಲಿಂಗಿಗೆ ಮರಳಿದ ತೇನ್‌ಸಿಂಗ್ ಮುಂದೆ ಆಂಗ್ ಲಾಮು ಅವರನ್ನು ಮದುವೆಯಾದರು. ಕೆಲಸವಿಲ್ಲದ ಆ ದಿನಗಳಲ್ಲಿ ಮನೆ ನಡೆದದ್ದು ಬಹುಮಟ್ಟಿಗೆ ಆಕೆಯ ದುಡಿಮೆಯಿಂದ.

1947ರಲ್ಲಿ ಸ್ವಿಸ್ ತಂಡವೊಂದು ಗಢವಾಲಕ್ಕೆ ಬಂದಾಗ ಶೆರ್ಪಾಗಳ ನಾಯಕ ಬಿದ್ದು ಗಾಯಗೊಂಡರು. ಆ ಹೊಣೆ ತೇನ್‌ಸಿಂಗರ ಹೆಗಲೇರಿತು. ಅವರು ಸರ್ದಾರರಾದರು. ಅದೇ ಯಾತ್ರೆಯಲ್ಲಿ ಕೇದಾರನಾಥ ಶಿಖರವನ್ನು ಏರಿದರು. 1950ರಲ್ಲಿ ಡೂನ್ ಶಾಲೆಯ ಅಧ್ಯಾಪಕ ಜಾಕ್ ಗಿಬ್ಸನ್ ಅವರ ತಂಡದೊಡನೆ ಬಂದರ್‌ಪೂಂಛ್ ಶಿಖರಕ್ಕೆ ಹೋದರು. 1951ರಲ್ಲಿ ಫ್ರೆಂಚ್ ತಂಡದ ಇಬ್ಬರು ಆರೋಹಿಗಳು ನಂದಾದೇವಿಯ ಮೇಲೆ ಕಣ್ಮರೆಯಾದಾಗ ಅವರನ್ನು ಹುಡುಕುತ್ತ ಲೂಯಿ ದ್ಯುಬೋ ಜತೆ ನಂದಾದೇವಿ ಪೂರ್ವ ಶಿಖರವನ್ನು ಮುಟ್ಟಿದರು. ತಮ್ಮ ಜೀವಮಾನದ ಅತಿ ಕಠಿಣ ಆರೋಹಣ ಎವರೆಸ್ಟ್ ಅಲ್ಲ, ಇದೇ ಎಂಬುದು ಅವರ ಅಭಿಪ್ರಾಯವಾಗಿತ್ತು.

ಹೊರೆಯಾಳಿನಿಂದ ಸಹಚರ

1952ರ ವಸಂತದಲ್ಲಿ ಸ್ವಿಸ್ ತಂಡ ಎವರೆಸ್ಟಿಗೆ ಬಂದಿತು. ಈ ಬಾರಿ ತೇನ್‌ಸಿಂಗ್ ಸರ್ದಾರರಷ್ಟೇ ಅಲ್ಲ, ಆರೋಹಣ ತಂಡದ ಪೂರ್ಣ ಸದಸ್ಯರೂ ಆಗಿದ್ದರು. ಸಂಬಂಧದ ಈ ಬದಲಾವಣೆಯನ್ನು ಅವರು ಕೊನೆಯವರೆಗೂ ಕೃತಜ್ಞತೆಯಿಂದ ನೆನೆದರು. ಹಿಮಕಡಿತದಿಂದ ಕಾಲ್ಬೆರಳುಗಳನ್ನೆಲ್ಲ ಕಳೆದುಕೊಂಡಿದ್ದ ರೇಮಂಡ್ ಲ್ಯಾಂಬರ್ಟ್ ಅವರ ಜೊತೆಗಾರ. ಇಬ್ಬರೂ ಮಲಗುವ ಚೀಲವಿಲ್ಲದೆ, ಒಲೆಯಿಲ್ಲದೆ, ಮೋಂಬತ್ತಿಯ ಶಾಖದಲ್ಲಿ ಹಿಮ ಕರಗಿಸಿ ಗಂಟಲು ತೇವ ಮಾಡಿಕೊಳ್ಳುತ್ತ ಗುಡಾರದಲ್ಲಿ ಒಂದು ರಾತ್ರಿ ಕಳೆದರು. ಮರುದಿನ ಸುಮಾರು 8,600 ಮೀಟರಿನವರೆಗೆ ಹೋಗಿ, ಮುಂದುವರಿದರೆ ಮರಳಲಾಗದೆಂದು ಅರಿತು ಹಿಂದಿರುಗಿದರು. ಅಷ್ಟೆತ್ತರಕ್ಕೆ ಹೋಗಿ ಜೀವಂತ ಮರಳಿದವರು ಅದುವರೆಗೆ ಇರಲಿಲ್ಲ. ಶಿಖರ ಕಣ್ಣೆದುರಿಗಿದ್ದಾಗಲೂ ಹಿಂದಿರುಗುವ ನಿರ್ಧಾರ ಮಾಡುವುದು ಪರ್ವತಾರೋಹಣದ ಪಾಠಗಳಲ್ಲೆಲ್ಲ ಕಷ್ಟದ್ದು. ತೇನ್‌ಸಿಂಗ್ ಅದನ್ನು ಕಲಿತದ್ದು ಅಲ್ಲಿ.

1953ರಲ್ಲಿ ಕರ್ನಲ್ ಜಾನ್ ಹಂಟ್ ನೇತೃತ್ವದ ಬ್ರಿಟಿಷ್ ತಂಡದೊಡನೆ ಹೊರಟದ್ದು ಅವರ ಏಳನೆಯ ಎವರೆಸ್ಟ್ ಯಾತ್ರೆ. ಖುಂಬು ಹಿಮಪ್ರಪಾತದಲ್ಲಿ ಒಂದು ದಿನ ನ್ಯೂಜಿಲೆಂಡಿನ ಎಡ್ಮಂಡ್ ಹಿಲರಿ ಹಿಮಬಿರುಕೊಂದನ್ನು ಹಾರಿದಾಗ ಅಂಚು ಕುಸಿಯಿತು. ಹಿಂದಿದ್ದ ತೇನ್‌ಸಿಂಗ್ ಕ್ಷಣಾರ್ಧದಲ್ಲಿ ಐಸ್ ಆಕ್ಸನ್ನು ಹಿಮದಲ್ಲಿ ನೆಟ್ಟು, ಹಗ್ಗವನ್ನು ಅದಕ್ಕೆ ಸುತ್ತಿ ಬಿಗಿಹಿಡಿದರು. ಹಿಲರಿ ಬದುಕಿದರು. ಹೊಸಬರಿಗೆ ಮೊದಲ ವಾರಗಳಲ್ಲೇ ಕಲಿಸುವ ಪಾಠವದು. ಹಗ್ಗದ ಇನ್ನೊಂದು ತುದಿಯಲ್ಲಿರುವವನ ಪ್ರಾಣ ತನ್ನ ಕೈಯಲ್ಲಿದೆಯೆಂದು ತಿಳಿದು ಸದಾ ಎಚ್ಚರವಿರುವುದು. ಶಿಖರಕ್ಕೆ ಜೊತೆಗಾರನಾಗಲು ತಕ್ಕವನು ಈತನೇ ಎಂಬ ಭಾವನೆ ಹಿಲರಿಯವರಲ್ಲಿ ಗಟ್ಟಿಯಾದದ್ದು ಆ ಘಟನೆಯಿಂದ.

ಮೇ 29ರ ಬೆಳಿಗ್ಗೆ 11.30ಕ್ಕೆ ಇಬ್ಬರೂ ತುದಿ ಮುಟ್ಟಿದರು. ತೇನ್‌ಸಿಂಗರ ಕೊರಳಲ್ಲಿ ಲ್ಯಾಂಬರ್ಟ್ ಕೊಟ್ಟಿದ್ದ ಕೆಂಪು ವಸ್ತ್ರವಿತ್ತು. ಐಸ್ ಆಕ್ಸಿಗೆ ವಿಶ್ವಸಂಸ್ಥೆ, ಬ್ರಿಟನ್, ನೇಪಾಳ ಮತ್ತು ಭಾರತದ ಧ್ವಜಗಳನ್ನು ಕಟ್ಟಿದ್ದರು. ತಾಯಿ ಚೊಮೊಲುಂಗ್ಮಾಳಿಗೆ ಸಿಹಿತಿಂಡಿಗಳನ್ನು ಅರ್ಪಿಸಿ, ಮಗಳು ನಿಮಾ ಕೊಟ್ಟು ಕಳಿಸಿದ್ದ ಪುಟ್ಟ ಪೆನ್ಸಿಲನ್ನೂ ಹಿಮದಲ್ಲಿ ಹೂತರು. ಅಕ್ಷರ ಕಲಿಯುವ ಅವಕಾಶವೇ ಸಿಗದಿದ್ದ ತಂದೆ, ಶಾಲೆಗೆ ಹೋಗುವ ಮಗಳ ಪೆನ್ಸಿಲನ್ನು ಜಗತ್ತಿನ ಅತ್ಯುನ್ನತ ನೆಲದಲ್ಲಿಟ್ಟು ಬಂದರು.

ಕೆಳಗಿಳಿದಾಗ ಕಾದಿದ್ದುದು ಸನ್ಮಾನದ ಜತೆಗೆ ವಿವಾದ. ಮೊದಲು ಕಾಲಿಟ್ಟವರು ಯಾರು, ತೇನ್‌ಸಿಂಗ್ ಭಾರತದವರೇ ನೇಪಾಳದವರೇ ಎಂಬ ಪ್ರಶ್ನೆಗಳು ಬೀದಿಗೆ ಬಂದವು. ಇಬ್ಬರೂ ಬಹುತೇಕ ಜತೆಯಲ್ಲೇ ತಲುಪಿದೆವೆಂಬ ಹೇಳಿಕೆಗೆ ಕಠ್ಮಂಡುವಿನಲ್ಲಿ ಸಹಿ ಮಾಡಿದರು. ಹಿಲರಿ ಕೆಲವು ಹೆಜ್ಜೆ ಮುಂದಿದ್ದರೆಂದು 1955ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ತೇನ್‌ಸಿಂಗ್ ಸ್ವತಃ ತಿಳಿಸಿ ಚರ್ಚೆಗೆ ತೆರೆ ಎಳೆದರು. ಒಂದೇ ಹಗ್ಗಕ್ಕೆ ಕಟ್ಟಿಕೊಂಡ ಇಬ್ಬರಲ್ಲಿ ಮುಂದಿನವನು, ಹಿಂದಿನವನು ಎಂಬ ಎಣಿಕೆಯೇ ಅವರಿಗೆ ಅರ್ಥಹೀನವಾಗಿ ಕಂಡಿತ್ತು.

ನಲವತ್ತರಲ್ಲಿ ವಿದ್ಯಾರ್ಥಿ

ಎವರೆಸ್ಟ್ ವಿಜಯದ ಸ್ಮರಣೆಗೆ ಭಾರತದಲ್ಲೊಂದು ಪರ್ವತಾರೋಹಣ ಶಾಲೆ ಇರಬೇಕೆಂಬ ಯೋಚನೆಗೆ ಪ್ರಧಾನಿ ಜವಾಹರಲಾಲ್ ನೆಹರೂ ಹಾಗೂ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಡಾ. ಬಿ.ಸಿ. ರಾಯ್ ಬೆಂಬಲವಾಗಿ ನಿಂತರು. ಶಾಲೆ ಹೇಗಿರಬೇಕೆಂದು ಸಲಹೆ ನೀಡಲು ಸ್ವಿಟ್ಜರ್ಲೆಂಡಿನಿಂದ ಅರ್ನಾಲ್ಡ್ ಗ್ಲಾಟ್‌ಹಾರ್ಡ್ ಡಾರ್ಜಿಲಿಂಗಿಗೆ ಬಂದರು. ಆಲ್ಪ್ಸ್ ಪರ್ವತದ ರೋಸೆನ್‌ಲೌಯಿಯಲ್ಲಿ ಅವರದೇ ತರಬೇತಿ ಶಾಲೆಯಿತ್ತು.

ಆಗ ಎದುರಾದ ಪ್ರಶ್ನೆ ಸೂಕ್ಷ್ಮವಾದುದು. ತೇನ್‌ಸಿಂಗರಿಗೆ ಹತ್ತುವುದು ಗೊತ್ತಿತ್ತು. ಹತ್ತುವುದನ್ನು ಕಲಿಸುವುದು ಬೇರೆಯದೇ ವಿದ್ಯೆ. ಇಪ್ಪತ್ತು ವರ್ಷ ದೇಹವೇ ಕಲಿತುಕೊಂಡಿದ್ದನ್ನು ಬಿಡಿಬಿಡಿಯಾಗಿಸಿ, ಬೆಟ್ಟವನ್ನೇ ಕಾಣದವನಿಗೆ ಕ್ರಮವಾಗಿ ಹೇಳಿಕೊಡಬೇಕು. ಅದನ್ನರಿಯಲು 1954ರ ಬೇಸಿಗೆಯಲ್ಲಿ ಅವರು ಆರು ಮಂದಿ ಶೆರ್ಪಾಗಳೊಡನೆ ರೋಸೆನ್‌ಲೌಯಿಗೆ ಹೋದರು. ಜಗತ್ತಿನ ಪತ್ರಿಕೆಗಳೆಲ್ಲ ಚಿತ್ರ ಪ್ರಕಟಿಸಿದ್ದ, ಬ್ರಿಟನ್ನಿನ ಜಾರ್ಜ್ ಪದಕ ಪಡೆದಿದ್ದ ನಲವತ್ತರ ಆ ವ್ಯಕ್ತಿ ವಿದ್ಯಾರ್ಥಿಗಳ ಸಾಲಿನಲ್ಲಿ ನಿಂತು, ಬಂಡೆಯ ಮೇಲೆ ಕಾಲಿಡುವ ರೀತಿಯಿಂದ ಮೊದಲುಗೊಂಡು ಪಾಠ ಕೇಳಿದರು.

1954ರ ನವೆಂಬರ್ 4ರಂದು ಡಾರ್ಜಿಲಿಂಗಿನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಮೊದಲ ನೆಲೆ ರಾಯ್ ವಿಲ್ಲಾ. 1911ರಲ್ಲಿ ಸೋದರಿ ನಿವೇದಿತಾ ಕೊನೆಯುಸಿರೆಳೆದ ಮನೆ ಅದು. ಸಂಸ್ಥೆ ನಂತರ ಜವಾಹರ್ ಪರ್ವತದ ಸ್ವಂತ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಗಿಬ್ಸನ್ನರ ಶಿಷ್ಯರಾಗಿದ್ದ ಮೇಜರ್ ನರೇಂದ್ರ ಧರ್ ಜಯಾಲ್ ಮೊದಲ ಪ್ರಾಂಶುಪಾಲರು. ತೇನ್‌ಸಿಂಗ್ ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರು. ಹೊರೆಯಾಳುಗಳೆನಿಸಿದ್ದ ಶೆರ್ಪಾಗಳು ಅಲ್ಲಿ ಸಂಬಳ ಪಡೆಯುವ ಬೋಧಕರಾದರು. ಸೇನಾಧಿಕಾರಿಗಳು, ವೈದ್ಯರು, ಕಾಲೇಜು ವಿದ್ಯಾರ್ಥಿಗಳು ಅವರೆದುರು ಶಿಷ್ಯರಾಗಿ ನಿಂತರು.

ಮೊದಲ ಪಾಠಗಳು

ಪ್ರಾಥಮಿಕ ಪರ್ವತಾರೋಹಣ ತರಬೇತಿಯ ಅವಧಿ ಇಂದು 28 ದಿನ. ಮೊದಲು ಡಾರ್ಜಿಲಿಂಗಿನಲ್ಲಿ ಹಗ್ಗ, ಗಂಟು ಮತ್ತು ಶಿಲಾರೋಹಣ. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಬಂಡೆಗೆ ಅಂಟಿರಬೇಕು, ಒಂದು ಮಾತ್ರ ಚಲಿಸಬೇಕು. ದೇಹವನ್ನು ತೋಳಿನಿಂದ ಎಳೆದುಕೊಳ್ಳದೆ ಕಾಲಿನಿಂದ ಮೇಲೆತ್ತಬೇಕು. ಬಂಡೆಯನ್ನು ಅಪ್ಪಿಕೊಂಡರೆ ಪಾದ ಜಾರುತ್ತದೆ. ನೆಟ್ಟಗೆ ನಿಂತರೆ ಹಿಡಿತ ಸಿಗುತ್ತದೆ. ಹೆದರಿದವನ ಸಹಜ ಪ್ರವೃತ್ತಿ ಇದಕ್ಕೆ ವಿರುದ್ಧವಾಗಿರುತ್ತದೆ. ಅದನ್ನು ಮರೆಸುವುದೇ ಬೋಧಕರ ಮೊದಲ ಕೆಲಸ. ಅಭ್ಯಾಸಕ್ಕೆ ಬಳಸುವ ಡಾರ್ಜಿಲಿಂಗಿನ ಹೆಬ್ಬಂಡೆಗೆ ತೇನ್‌ಸಿಂಗ್ ಬಂಡೆಯೆಂದೇ ಹೆಸರು.

ಬಳಿಕ ಪಶ್ಚಿಮ ಸಿಕ್ಕಿಮ್. ಯುಕ್ಸಮಿನಿಂದ ಬಾಖಿಮ್, ಜೊಂಗ್ರಿ ಮಾರ್ಗವಾಗಿ ಚೌರಿಖಾಂಗ್ ಶಿಬಿರಕ್ಕೆ ಹೊರೆ ಹೊತ್ತು ನಡಿಗೆ. ಎತ್ತರದಲ್ಲಿ ಆಮ್ಲಜನಕ ಕಡಿಮೆ. ದೇಹ ಅದಕ್ಕೆ ಒಗ್ಗಲು ಕಾಲಾವಕಾಶ ಬೇಕು. ಆದುದರಿಂದ ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿನಲ್ಲಿ ಮಲಗುವುದು, ಉಸಿರಿನ ಲಯಕ್ಕೆ ಹೆಜ್ಜೆ ಹೊಂದಿಸುವುದು, ಬಾಯಾರದಿದ್ದರೂ ನೀರು ಕುಡಿಯುವುದನ್ನು ಕಲಿಸಲಾಗುತ್ತದೆ. ಓಡುವವನು ಇಲ್ಲಿ ಮೊದಲು ಸೋಲುತ್ತಾನೆ. ಹಿಮನದಿಯ ಮೇಲೆ ಬೂಟಿಗೆ ಕಬ್ಬಿಣದ ಮುಳ್ಳುಗಳ ಕ್ರಾಂಪಾನ್ ಕಟ್ಟಿ ನಡೆಯುವುದು, ಜಾರಿದಾಗ ಐಸ್ ಆಕ್ಸಿನ ಮೇಲೆ ದೇಹದ ಭಾರ ಹಾಕಿ ತನ್ನನ್ನು ತಾನೇ ತಡೆಯುವುದು, ಬಿರುಕಿಗೆ ಬಿದ್ದವನನ್ನು ಹಗ್ಗದಿಂದ ಮೇಲೆತ್ತುವುದು ನಂತರದ ಪಾಠಗಳು. ಖುಂಬುವಿನಲ್ಲಿ ಹಿಲರಿಯನ್ನು ಉಳಿಸಿದ ವಿದ್ಯೆ ಹೀಗೆ ಪಠ್ಯಕ್ರಮವಾಯಿತು.

ಓದು ಬರಹ ಬಾರದಿದ್ದರೂ ತೇನ್‌ಸಿಂಗ್ ಹಲವು ಭಾಷೆಗಳನ್ನಾಡುತ್ತಿದ್ದರು. ಆದರೆ ಪಾಠ ಹೇಳುತ್ತಿದ್ದುದು ಬಹುಮಟ್ಟಿಗೆ ಮಾಡಿ ತೋರಿಸಿ. ತರಬೇತಿ ಪಡೆದವನೂ ಪರ್ವತದ ಮುಂದೆ ಅಜೇಯನಲ್ಲವೆಂಬುದನ್ನು ಸಂಸ್ಥೆ ಬೇಗನೆ ಅನುಭವಿಸಿತು. 1958ರಲ್ಲಿ ಚೋ ಓಯು ಯಾತ್ರೆಯಲ್ಲಿ ಜಯಾಲ್ ಎತ್ತರದ ಕಾಯಿಲೆಗೆ ತುತ್ತಾಗಿ ಮೃತಪಟ್ಟರು. ಹಿಂದುಳಿದಿದ್ದ ಅವರು ತಂಡವನ್ನು ಕೂಡಿಕೊಳ್ಳಲು ಅವಸರದಿಂದ ಮೇಲೇರಿದ್ದರು. ದೇಹ ಎತ್ತರಕ್ಕೆ ಒಗ್ಗಲು ಕಾಲ ಕೊಡಬೇಕೆಂಬ ಮೊದಲ ಪಾಠದ ಬೆಲೆಯನ್ನು ಸಂಸ್ಥೆ ತನ್ನ ಪ್ರಾಂಶುಪಾಲರನ್ನೇ ಕಳೆದುಕೊಂಡು ಅರಿಯಿತು.

ಬೆಳೆದ ಬಳ್ಳಿ

ಭಾರತ ಸರ್ಕಾರ 1959ರಲ್ಲಿ ತೇನ್‌ಸಿಂಗರಿಗೆ ಪದ್ಮಭೂಷಣ ನೀಡಿತು. ಅವರಿಗೆ ಅದಕ್ಕಿಂತ ದೊಡ್ಡ ಫಲ ದೊರೆತದ್ದು 1965ರಲ್ಲಿ. ಕ್ಯಾಪ್ಟನ್ ಎಂ.ಎಸ್. ಕೊಹ್ಲಿ ನೇತೃತ್ವದ ಭಾರತೀಯ ತಂಡದ ಒಂಬತ್ತು ಮಂದಿ ಎವರೆಸ್ಟ್ ಏರಿದರು. ಕೊನೆಯ ಮೂವರು ತುದಿ ಮುಟ್ಟಿದ್ದು ಮೇ 29ರಂದೇ. ತೇನ್‌ಸಿಂಗರ ಸೋದರಳಿಯ, ಸಂಸ್ಥೆಯ ಬೋಧಕ ನವಾಂಗ್ ಗೊಂಬು ಆ ವರ್ಷ ಎವರೆಸ್ಟನ್ನು ಎರಡು ಬಾರಿ ಏರಿದ ಮೊದಲ ವ್ಯಕ್ತಿಯಾದರು. ಅದೇ ವರ್ಷ ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆ ಹುಟ್ಟಿತು. 1984ರಲ್ಲಿ ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಕಲಿತದ್ದು ಅಲ್ಲಿ. ಕರ್ನಾಟಕದಲ್ಲಿ ಕೊಡಗಿನ ಜನರಲ್ ತಿಮ್ಮಯ್ಯ ಅವರ ಹೆಸರಿನ ರಾಷ್ಟ್ರೀಯ ಸಾಹಸ ಅಕಾಡೆಮಿ ಯುವಜನರಿಗೆ ಶಿಲಾರೋಹಣ ಕಲಿಸುತ್ತದೆ. ರಾಮನಗರದ ಬಂಡೆಗಳು ಅದಕ್ಕೆ ಹೆಸರಾಗಿವೆ.

1976ರಲ್ಲಿ ತೇನ್‌ಸಿಂಗ್ ಹುದ್ದೆಯಿಂದ ನಿವೃತ್ತರಾದರು. ಗೊಂಬು ಆ ಸ್ಥಾನಕ್ಕೆ ಬಂದರು. ವಿಶ್ರಾಂತಿಯ ಬದುಕು ಅವರಿಗೆ ದಕ್ಕಲಿಲ್ಲ. ಮೂರನೆಯ ಪತ್ನಿ ಡಾಕು ಮತ್ತು ಮಕ್ಕಳ ಸಂಸಾರವಿತ್ತು. ಪ್ರವಾಸಿಗರ ತಂಡಗಳೊಡನೆ ಹಿಮಾಲಯದ ನಾಡುಗಳಿಗೆ ಹೋಗಿಬರುತ್ತಿದ್ದರು. 1978ರಲ್ಲಿ ಚಾರಣ ಸಂಸ್ಥೆಯೊಂದನ್ನು ಆರಂಭಿಸಿದರು. ಮಕ್ಕಳು ಹೊರೆ ಹೊರುವ ಬದುಕಿಗೆ ಬರಬಾರದು, ಓದಬೇಕು ಎಂಬುದು ಅವರ ಹಂಬಲ. ಅವರನ್ನು ಒಳ್ಳೆಯ ಶಾಲೆಗಳಿಗೆ ಕಳಿಸಿದರು. ಪುತ್ರ ಜಾಮ್ಲಿಂಗ್ ಎವರೆಸ್ಟ್ ಏರಿದ್ದು 1996ರಲ್ಲಿ. ಅದನ್ನು ಕಾಣಲು ತಂದೆ ಇರಲಿಲ್ಲ. 1986ರ ಮೇ 9ರಂದು ಡಾರ್ಜಿಲಿಂಗಿನಲ್ಲಿ, ತಮ್ಮ 71ನೆಯ ವಯಸ್ಸಿನಲ್ಲಿ ತೇನ್‌ಸಿಂಗ್ ನಿಧನರಾದರು. ಅಂತ್ಯಕ್ರಿಯೆ ನಡೆದದ್ದು ತಾವು ಪಾಠ ಹೇಳಿದ ಸಂಸ್ಥೆಯ ಆವರಣದಲ್ಲೇ. ಅಲ್ಲಿ ಅವರ ಪ್ರತಿಮೆಯಿದೆ.

ತೇನ್‌ಸಿಂಗ್ ಏರಿದ ಶಿಖರಕ್ಕೆ ಇಂದು ವರ್ಷವರ್ಷವೂ ನೂರಾರು ಮಂದಿ ಹೋಗುತ್ತಾರೆ. ಅವರು ತಂದ ಇನ್ನೊಂದು ಬದಲಾವಣೆ ಅಷ್ಟು ಸುಲಭವಾಗಿ ಎಲ್ಲೆಡೆ ಆಗಿಲ್ಲ. ಹೊರೆ ಹೊರುವವನಿಗೆ ತಿಳಿದಿದ್ದನ್ನು ವಿದ್ಯೆಯೆಂದು ಒಪ್ಪಿ, ಅವನನ್ನು ಗುರುವಿನ ಪೀಠದಲ್ಲಿ ಕೂರಿಸಿ, ಅದಕ್ಕೆ ತಕ್ಕ ಸಂಬಳ ಕೊಡುವ ಬದಲಾವಣೆ ಅದು. ಬಿಳಿಗಿರಿಯ ಬಂಡೆಗಳಿಂದ ಜೇನಿಳಿಸುವವನ ಕೈಗಳೂ ಅಂಥದೇ ವಿದ್ಯೆಯನ್ನು ಬಲ್ಲವು. ಗುಂಡ್ಲುಪೇಟೆ, ಚಾಮರಾಜನಗರಗಳಿಂದ ಪರ್ವತಾರೋಹಣದ ಮೊದಲ ಪಾಠಕ್ಕೆ ಹೊರಡುವ ಯುವಕ ಯುವತಿಯರು ಡಾರ್ಜಿಲಿಂಗಿನ ಬಂಡೆಯ ಬುಡದಲ್ಲಿ ಹಗ್ಗ ಕಟ್ಟಿಕೊಳ್ಳುವಾಗ, ಆ ಗಂಟನ್ನು ಕಲಿಸುವ ಶಾಲೆಯನ್ನು ಕಟ್ಟಲು ಶಿಖರದಿಂದಿಳಿದು ಬಂದವರೊಬ್ಬರು ಮೊದಲು ತಾವೇ ಶಿಷ್ಯರಾದರೆಂಬುದನ್ನು ನೆನೆಯುವುದು ಯುಕ್ತ.